ಎರಡು ವರ್ಷ ಯಾರೂ ಕೊಳ್ಳದ ನೇಗಿಲು

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಕನ್ನಡ ಸಂಘದ ನಾಲ್ಕು ಜನ ಸೇರಿ ನಿಪ್ಪಾಣಿ ಕಡೆಯ ಒಂದು ಕೃಷಿ ಸಲಕರಣೆ ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟೆವು. ಕಪ್ಪು ಹಿನ್ನೆಲೆ, ಮೇಲೆ ತಾನೇ ಸರಿಯುವ ದೊಡ್ಡ ಚಿತ್ರಗಳು, ಪೂರ್ತಿ ಇಂಗ್ಲಿಷ್ ಮೆನು. ಲ್ಯಾಪ್‌ಟಾಪಿನಲ್ಲಿ ತೋರಿಸಿದಾಗ ಅಂಗಡಿಯ ಕಾಕಾ ಖುಷಿಪಟ್ಟು ನಮಗೆಲ್ಲ ಚಹಾ ಕುಡಿಸಿದರು. ಒಂದು ತಿಂಗಳ ನಂತರ ವಿಚಾರಿಸಿದರೆ, ವೆಬ್‌ಸೈಟ್ ನೋಡಿ ಫೋನ್ ಮಾಡಿದವರು ಒಬ್ಬರೂ ಇಲ್ಲ. ಫೋನ್ ನಂಬರ್ ಸಿಗಬೇಕಾದರೆ ಮೂರು ಕಡೆ ಒತ್ತಬೇಕಿತ್ತು. ಬಿಸಿಲಲ್ಲಿ ಹೊಲದ ಬದುವಿನ ಮೇಲೆ ನಿಂತು ಮೊಬೈಲ್ ನೋಡುವವರಿಗೆ ಆ ಕಪ್ಪು ಪುಟದಲ್ಲಿ ಏನೂ ಕಾಣುತ್ತಿರಲಿಲ್ಲ. ತಪ್ಪು ಪೂರ್ತಿ ನಮ್ಮದೇ. ಕಾಕಾ ಒಪ್ಪಿದರೆ ಕೆಲಸ ಮುಗೀತು ಅಂದುಕೊಂಡಿದ್ದೆವು. ಕಾಕಾನ ಗಿರಾಕಿ ಯಾರು ಅಂತ ಕೇಳಿರಲೇ ಇಲ್ಲ.

ಆ ಬೇಜಾರಿನಲ್ಲಿ ಇದ್ದಾಗ ನಮಗೆ ನೆನಪಾದವರು ಲಕ್ಷ್ಮಣರಾವ್ ಕಿರ್ಲೋಸ್ಕರ್. ರಾಯಬಾಗದಲ್ಲಿ ರೈಲು ಹತ್ತಿ ಕುಡಚಿ, ಉಗಾರ, ಶೇಡಬಾಳ ದಾಟಿ, ಮೀರಜ್, ಸಾಂಗ್ಲಿ ಆದ ಮೇಲೆ ಕಿರ್ಲೋಸ್ಕರವಾಡಿ ಅಂತ ಒಂದು ಸ್ಟೇಷನ್ ಬರುತ್ತದೆ. ಪುಣೆಗೆ ಹೋಗುವಾಗ ನಮ್ಮಲ್ಲಿ ಎಷ್ಟೋ ಜನ ಅದನ್ನು ಕಿಟಕಿಯಿಂದ ನೋಡಿದ್ದೇವೆ. ಪಂಪ್‌ಸೆಟ್ ಮೇಲೆ ಆ ಹೆಸರು ಓದದ ರೈತರ ಮಕ್ಕಳು ಅಥಣಿ, ಕಾಗವಾಡ ಕಡೆ ಸಿಗುವುದು ಕಷ್ಟ. ಆದರೆ ಆ ಹೆಸರಿನ ಹಿಂದಿದ್ದ ಮನುಷ್ಯ ಮೂಲತಃ ಚಿತ್ರ ಬರೆಯುವವರು, ಡ್ರಾಯಿಂಗ್ ಮಾಸ್ತರು, ಅದರಲ್ಲೂ ನಮ್ಮದೇ ಜಿಲ್ಲೆಯವರು ಅನ್ನುವುದು ನಮಗೂ ಗೊತ್ತಿರಲಿಲ್ಲ.

ಲಕ್ಷ್ಮಣ ಕಾಶಿನಾಥ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಶಾಲೆಯ ಪುಸ್ತಕಗಳಿಗಿಂತ ಅವರಿಗೆ ಚಿತ್ರ ಮತ್ತು ಯಂತ್ರಗಳ ಮೇಲೆ ಪ್ರೀತಿ. ಅಣ್ಣ ರಾಮುಅಣ್ಣನ ಬೆಂಬಲದಿಂದ ಮುಂಬೈಗೆ ಹೋಗಿ ಜೆ.ಜೆ. ಕಲಾಶಾಲೆ ಸೇರಿದರು. ಎರಡು ವರ್ಷ ಕಲಿತ ಮೇಲೆ ತಮಗೆ ಕೆಲವು ಬಣ್ಣಗಳ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ ಅಂತ ಗೊತ್ತಾಯಿತು. ಚಿತ್ರಕಾರ ಆಗಬೇಕೆಂದವನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಇಲ್ಲ. ಅವರು ಬಣ್ಣ ಬಿಟ್ಟರು, ಗೆರೆ ಬಿಡಲಿಲ್ಲ. ಮೆಕ್ಯಾನಿಕಲ್ ಡ್ರಾಯಿಂಗ್ ಕಲಿತು, ಮುಂಬೈನ ವಿಕ್ಟೋರಿಯಾ ಜ್ಯುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಅದೇ ವಿಷಯದ ಶಿಕ್ಷಕರಾದರು. ಮೊದಲ ಸೆಮಿಸ್ಟರ್‌ನಲ್ಲಿ ನಾವು ಬೈದುಕೊಂಡು ಬರೆಯುವ ಶೀಟುಗಳೇ ಅವರ ಬದುಕಿನ ದಾರಿಯಾದವು.

ಕೆಲಸ ಮಾಡುತ್ತಲೇ ಮುಂಬೈನಲ್ಲಿ ಸೈಕಲ್ ಕೊಂಡು ಬೆಳಗಾವಿಗೆ ಕಳಿಸುತ್ತಿದ್ದರು. ರಾಮುಅಣ್ಣ ಅವನ್ನು ಮಾರುತ್ತಿದ್ದರು, ಹೊಡೆಯುವುದನ್ನೂ ಕಲಿಸಿಕೊಡುತ್ತಿದ್ದರು. ಸೈಕಲ್ಲೇ ನೋಡದ ಊರಿನಲ್ಲಿ ಬರೀ ಸೈಕಲ್ ಇಟ್ಟರೆ ಯಾರು ಕೊಳ್ಳುತ್ತಾರೆ? ಕಲಿಸುವುದು ಕೂಡ ವ್ಯಾಪಾರದ ಭಾಗವಾಗಿತ್ತು. ಮುಂದೆ ಸಂಸ್ಥೆಯಲ್ಲಿ ತಮಗೆ ಬರಬೇಕಿದ್ದ ಬಡ್ತಿ ಬೇರೊಬ್ಬರಿಗೆ ಹೋದಾಗ ಲಕ್ಷ್ಮಣರಾವ್ ನೌಕರಿ ಬಿಟ್ಟು ಬೆಳಗಾವಿಗೇ ಬಂದರು. ಅವರ ಅಂಗಡಿ ಇದ್ದ ರಸ್ತೆಗೆ ಇವತ್ತಿಗೂ ಕಿರ್ಲೋಸ್ಕರ್ ರೋಡ್ ಅಂತಲೇ ಹೆಸರು.

ಆದರೆ ಅವರ ಮನಸ್ಸು ಇದ್ದದ್ದು ಬೇರೆಯವರ ಮಾಲು ಮಾರುವುದರಲ್ಲಿ ಅಲ್ಲ, ತಾವೇ ಮಾಡುವುದರಲ್ಲಿ. ಮೊದಲು ಕೈ ಹಾಕಿದ್ದು ಮೇವು ಕತ್ತರಿಸುವ ಯಂತ್ರಕ್ಕೆ. ದನ ಇದ್ದ ಪ್ರತಿ ಮನೆಯಲ್ಲೂ ಕಣಿಕೆ ಕತ್ತರಿಸುವ ಕೆಲಸ ಇದ್ದೇ ಇರುತ್ತದೆ. ಆಮೇಲೆ ಬಂದದ್ದು ಕಬ್ಬಿಣದ ನೇಗಿಲು.

ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಹಳೆಯ ಕಟ್ಟಿಗೆಯ ನೇಗಿಲು ಮಣ್ಣನ್ನು ಸೀಳುತ್ತದೆ, ಹೊರಳಿಸುವುದಿಲ್ಲ. ಕಬ್ಬಿಣದ ನೇಗಿಲಿನಲ್ಲಿ ಕುಳದ ಹಿಂದೆ ಬಾಗಿದ ಒಂದು ರೆಕ್ಕೆ ಇರುತ್ತದೆ. ಕುಳ ಕತ್ತರಿಸಿದ ಮಣ್ಣು ಆ ರೆಕ್ಕೆ ಏರಿ ಮಗುಚಿ ಬೀಳುತ್ತದೆ. ಕಸ ಒಳಗೆ ಹೋಗುತ್ತದೆ, ಕೆಳಗಿನ ಮಣ್ಣು ಮೇಲೆ ಬರುತ್ತದೆ. ಆ ಬಾಗು ಸರಿ ಇಲ್ಲದಿದ್ದರೆ ಎತ್ತುಗಳು ಬೇಗ ದಣಿಯುತ್ತವೆ. ಕುಳ ಮೆತ್ತಗಿದ್ದರೆ ಬೇಗ ಸವೆಯುತ್ತದೆ, ಬಹಳ ಗಡಸಾದರೆ ಕಲ್ಲಿಗೆ ಬಡಿದು ಒಡೆಯುತ್ತದೆ. ಅಂದರೆ ಇದು ಬರೀ ಕಮ್ಮಾರಿಕೆಯಲ್ಲ. ಪೂರ್ತಿ ಡಿಸೈನ್ ಕೆಲಸ. ಆಗ ಇಂಥ ನೇಗಿಲುಗಳು ಬರುತ್ತಿದ್ದದ್ದು ಇಂಗ್ಲೆಂಡಿನಿಂದ. ಅದನ್ನು ಬೆಳಗಾವಿಯಲ್ಲೇ ಮಾಡಬೇಕೆಂದು ಲಕ್ಷ್ಮಣರಾವ್ ಹೊರಟರು.

ಮಾಡಿದರು. ಎರಡು ವರ್ಷ ಯಾರೂ ಕೊಳ್ಳಲಿಲ್ಲ.

ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಅನ್ನುವುದು ರೈತರ ನಂಬಿಕೆ. ಇದನ್ನು ಓದಿ ನಾವು ಮೊದಲು ನಕ್ಕೆವು. ಆಮೇಲೆ ಯೋಚಿಸಿದಾಗ ನಗು ಹೋಯಿತು. ಮಳೆ ನಂಬಿದ ಎರಿ ಹೊಲದಲ್ಲಿ ವರ್ಷಕ್ಕೆ ಒಂದೇ ಬೆಳೆ. ಹೊಸ ಸಾಮಾನು ಕೈಕೊಟ್ಟರೆ ಮನೆಮಂದಿಗೆಲ್ಲ ಒಂದು ವರ್ಷ ಊಟದ ಚಿಂತೆ. ಕಟ್ಟಿಗೆಯ ನೇಗಿಲು ಮುರಿದರೆ ಊರ ಬಡಿಗ ಸರಿಮಾಡಿ ಕೊಡುತ್ತಾನೆ, ಇದು ಮುರಿದರೆ ಯಾರ ಹತ್ತಿರ ಓಡುವುದು? ಅವರ ಅಂಜಿಕೆ ಮೂಢನಂಬಿಕೆಯ ಮಾತಿನಲ್ಲಿ ಹೊರಗೆ ಬಂದಿರಬಹುದು, ಒಳಗೆ ಲೆಕ್ಕಾಚಾರ ಇತ್ತು. ಗಿರಾಕಿಗೆ ಬುದ್ಧಿ ಇಲ್ಲ ಅಂತ ಕೈಚೆಲ್ಲುವ ಡಿಸೈನರ್‌ಗೆ ಈ ಲೆಕ್ಕ ಯಾವತ್ತೂ ಕಾಣುವುದಿಲ್ಲ.

ಲಕ್ಷ್ಮಣರಾವ್ ಕೈಚೆಲ್ಲಲಿಲ್ಲ. ನೇಗಿಲು ನಿಧಾನವಾಗಿ ಹೊಲಕ್ಕೆ ಇಳಿಯಿತು, ಹೊಲದಲ್ಲಿ ನೋಡಿದವರು ನಂಬಿದರು. ಮಾಡುವವನು ಹತ್ತಿರದಲ್ಲೇ ಇದ್ದಾನೆ ಅನ್ನುವುದು ದೂರದ ವಿಲಾಯತಿ ಮಾಲಿಗೆ ಇಲ್ಲದ ಅನುಕೂಲ.

ವ್ಯಾಪಾರ ಕುದುರುವ ಹೊತ್ತಿಗೆ ಇನ್ನೊಂದು ಪೆಟ್ಟು. ಊರು ಬೆಳೆಯುತ್ತಿತ್ತು, ಬೆಳಗಾವಿಯಲ್ಲಿ ಕಾರ್ಖಾನೆ ಇದ್ದ ಜಾಗ ಖಾಲಿ ಮಾಡಬೇಕಾಯಿತು. ಆ ದಿನಗಳಲ್ಲಿ ಅವರು ಔಂಧ ಸಂಸ್ಥಾನದಲ್ಲಿ ಒಂದು ಸಭಾಮಂಟಪ ಕಟ್ಟುವ ಕೆಲಸ ಹಿಡಿದಿದ್ದರು. ಕೆಲಸ ಮಾಡಿಸಿಕೊಂಡ ಔಂಧದ ರಾಜರು ಈ ಮನುಷ್ಯನ ಕೈಗುಣ ಕಂಡಿದ್ದರು. ತಮ್ಮ ಸಂಸ್ಥಾನದಲ್ಲೇ ಜಾಗ ಕೊಟ್ಟರು, ಜೊತೆಗೆ ಬಡ್ಡಿ ಇಲ್ಲದೆ 10,000 ರೂಪಾಯಿ ಸಾಲ. ಒಬ್ಬ ಕ್ಲೈಂಟ್‌ಗೆ ಕೆಲಸ ನೆಟ್ಟಗೆ ಮಾಡಿಕೊಟ್ಟದ್ದು ಹೀಗೆ ಕೈಹಿಡಿಯಿತು.

ಜಾಗ ಅಂದರೆ ಕುಂಡಲ್ ರೋಡ್ ಸ್ಟೇಷನ್ ಹತ್ತಿರ 32 ಎಕರೆ ಬರಡು ನೆಲ, ತುಂಬಾ ಪಾಪಾಸುಕಳ್ಳಿ, ಹಾವು. 1910ರಲ್ಲಿ ಕೆಲವೇ ಕೆಲಸಗಾರರು ಮತ್ತು ಅವರ ಮನೆಮಂದಿಯ ಜೊತೆ ಅಲ್ಲಿಗೆ ಹೋಗಿ ಕಾರ್ಖಾನೆಯನ್ನೂ ಊರನ್ನೂ ಒಟ್ಟಿಗೆ ಕಟ್ಟಿದರು. ಆ ಊರಿನಲ್ಲಿ ಅಸ್ಪೃಶ್ಯತೆಗೆ ಜಾಗ ಇರಲಿಲ್ಲ. ಜೈಲಿಗೆ ಹೋಗಿ ಬಂದವರಿಗೂ ಕೆಲಸ ಕೊಟ್ಟು ನಂಬಿದರು.

ಮೊದಲ ಮಹಾಯುದ್ಧ ಬಂತು, ಕಬ್ಬಿಣ ಸಿಗದಾಯಿತು. ಆಗ ಕೊಲ್ಹಾಪುರದ ಶಾಹು ಮಹಾರಾಜರು ಹಳೆಯ ಫಿರಂಗಿಗಳನ್ನು ಕೊಟ್ಟರು. ಅವು ಕರಗಿ ನೇಗಿಲಾದವು. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನಕ್ಕೇ ಸೇರಿತ್ತು ಅನ್ನುವುದು ನೆನಪಿರಲಿ. ನಮ್ಮ ಅಜ್ಜಂದಿರ ಅಜ್ಜಂದಿರಿಗೆ ಅವರೇ ಮಹಾರಾಜರು.

1920ರಲ್ಲಿ ಲಕ್ಷ್ಮಣರಾವ್ ಅವರ ಅಣ್ಣನ ಮಗ ಶಂಕರರಾವ್, ಅವರೂ ಚಿತ್ರಕಾರರೇ, ಕಾರ್ಖಾನೆಯ ಸುದ್ದಿಪತ್ರವಾಗಿ ಕಿರ್ಲೋಸ್ಕರ್ ಖಬರ್ ಶುರು ಮಾಡಿದರು. ಅದು ಮುಂದೆ ಹೆಸರಾಂತ ಮರಾಠಿ ಮಾಸಪತ್ರಿಕೆಯಾಯಿತು. ಇವತ್ತು ಒಂದು ಕಂಪನಿ ವೆಬ್‌ಸೈಟಿನಿಂದ ಮಾಡಿಸುವ ಕೆಲಸದಲ್ಲಿ ಎಷ್ಟೋ ಭಾಗವನ್ನು ಅವತ್ತು ಆ ಪತ್ರಿಕೆ ಮಾಡಿತು: ನಾವು ಯಾರು, ಏನು ಮಾಡುತ್ತೇವೆ ಅಂತ ಜನರಿಗೆ ಅವರ ಭಾಷೆಯಲ್ಲೇ ಹೇಳುವುದು.

ಮಗ ಶಂತನುರಾವ್ ಅಮೆರಿಕದ ಎಂ.ಐ.ಟಿ.ಯಲ್ಲಿ ಓದಿ ಬಂದು ಉದ್ಯಮ ಬೆಳೆಸಿದರು. ಹರಿಹರದ ಲೇತು, ಪುಣೆಯ ಆಯಿಲ್ ಎಂಜಿನ್, ಬೆಂಗಳೂರಿನ ಮೋಟರು, ಎಲ್ಲದರ ಮೇಲೂ ಒಂದೇ ಹೆಸರು ಬಂತು. ಲಕ್ಷ್ಮಣರಾವ್ 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಹುಟ್ಟಿ ನೂರು ವರ್ಷವಾದಾಗ, 1969ರಲ್ಲಿ, ಭಾರತ ಸರ್ಕಾರ ಅವರ ಅಂಚೆಚೀಟಿ ತಂದಿತು.

ಇಷ್ಟೆಲ್ಲ ಓದಿದ ಮೇಲೆ ನಾವು ಮತ್ತೆ ಆ ಅಂಗಡಿಗೆ ಹೋದೆವು. ಈ ಸಲ ಲ್ಯಾಪ್‌ಟಾಪ್ ತೆಗೆಯಲಿಲ್ಲ. ಎರಡು ಸಂತೆ ದಿನ ಮೂಲೆಯಲ್ಲಿ ಕೂತು, ಬಂದವರು ಏನೇನು ಕೇಳುತ್ತಾರೆ ಅಂತ ನೋಟ್‌ಬುಕ್‌ನಲ್ಲಿ ಬರೆದುಕೊಂಡೆವು. ಸ್ಪ್ರೇ ಪಂಪಿನ ವಾಷರ್ ಸಿಗುತ್ತಾ, ಇವತ್ತು ಅಂಗಡಿ ಎಷ್ಟು ಗಂಟೆವರೆಗೆ, ರಿಪೇರಿಗೆ ಯಾವಾಗ ತರಬೇಕು: ಹೆಚ್ಚು ಕಡಿಮೆ ಇಷ್ಟೇ. ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಪುಟ ಬರೆದು, ಸಂತೆಗೆ ಬಂದ ರೈತರಿಗೇ ತೋರಿಸಿ, ಫೋನ್ ನಂಬರ್ ಎಲ್ಲಿದೆ ಹುಡುಕಿ ಅಂತ ಕೇಳಿಕೊಂಡೆವು. ತಡವರಿಸಿದ ಕಡೆಯಲ್ಲೆಲ್ಲ ಅಳಿಸಿ ಮತ್ತೆ ಬರೆದೆವು. ಕೋಡ್ ಮುಟ್ಟಿದ್ದು ಆಮೇಲೆ.

ಈಗಿನ ಪುಟ ಬಿಳಿ, ಕನ್ನಡ ಮತ್ತು ಮರಾಠಿ ಎರಡರಲ್ಲೂ ಇದೆ. ಮೇಲೆ ದಪ್ಪ ಅಕ್ಷರದಲ್ಲಿ ಫೋನ್ ನಂಬರ್, ಅದರ ಕೆಳಗೆ ಬಿಡಿಭಾಗಗಳ ಪಟ್ಟಿ. ದರ ಬದಲಾದರೆ ಕಾಕಾ ತಾವೇ ತಿದ್ದುವ ಹಾಗೆ ಕಲಿಸಿದ್ದೇವೆ. ನೋಡಲು ಮೊದಲಿನಷ್ಟು ಝಗಮಗ ಇಲ್ಲ, ನಮ್ಮ ಕ್ಲಾಸಿನ ಗೆಳೆಯರು ಸ್ವಲ್ಪ ನಕ್ಕರು ಕೂಡ. ಮೊದಲ ವಾರದಲ್ಲೇ ರಾಯಬಾಗ ಕಡೆಯ ಒಬ್ಬರು ಪುಟ ನೋಡಿ ಕಾಕಾನಿಗೆ ಫೋನ್ ಮಾಡಿದರಂತೆ. ಕೇಳಿದ್ದು ಒಂದು ವಾಷರ್.