ತಿರುವಲ್ಲಿಕೇಣಿಯ ಮಂಡಯಂ ಆಚಾರ್ಯ

ವೇಲಚೇರಿಯಿಂದ ಬೀಚ್ ಕಡೆ ಹೋಗುವ ಎಂಆರ್‌ಟಿಎಸ್ ರೈಲಿಗೆ ತಿರುವಲ್ಲಿಕೇಣಿಯಲ್ಲೊಂದು ನಿಲ್ದಾಣವಿದೆ. ಅಲ್ಲಿನ ಪಾರ್ಥಸಾರಥಿ ದೇವಸ್ಥಾನದ ಸುತ್ತಮುತ್ತ ನಮ್ಮ ಸೀಮೆಯ ನಂಟಿನ ಒಂದು ಬಳಗ ಹಿಂದೆಯೇ ಬಂದು ನೆಲೆಸಿತ್ತು. ಅವರು ಮಂಡಯಂ ಅಯ್ಯಂಗಾರರು. ಮನೆಮಾತು ತಮಿಳು, ಬೇರು ಮಂಡ್ಯ, ಮೇಲುಕೋಟೆ ಕಡೆಯದು. ವಿವೇಕಾನಂದರನ್ನು ಅಮೆರಿಕಕ್ಕೆ ಕಳಿಸಲು 1893ರಲ್ಲಿ ಮನೆಮನೆ ಅಲೆದು ಚಂದಾ ಎತ್ತಿದ ಅಳಸಿಂಗ ಪೆರುಮಾಳ್ ಈ ಬಳಗದವರೇ. ಅವರು ಹುಟ್ಟಿದ್ದು ಚಿಕ್ಕಮಗಳೂರಿನಲ್ಲಿ. ಅದೇ ಬಳಗದ ಇನ್ನೊಬ್ಬರು ಮಂಡಯಂ ಪಾರ್ಥಸಾರಥಿ ತಿರುಮಲ ಆಚಾರ್ಯ, ಅಂದರೆ ಎಂ.ಪಿ.ಟಿ. ಆಚಾರ್ಯ. ಅವರ ಬದುಕೂ ಚಂದಾ ದುಡ್ಡಿನ ಸುತ್ತಲೇ ಸುತ್ತಿತು, ಆದರೆ ಆ ದುಡ್ಡು ಬೇರೆ ಬಗೆಯದು.

ಆಚಾರ್ಯ 1887ರಲ್ಲಿ ಮದರಾಸಿನಲ್ಲಿ ಹುಟ್ಟಿದರು. ತಂದೆ ಲೋಕೋಪಯೋಗಿ ಇಲಾಖೆಯ ನೌಕರ. ಸುಬ್ರಹ್ಮಣ್ಯ ಭಾರತಿಯವರ ಲೇಖನಗಳು ಬರುತ್ತಿದ್ದ ‘ಇಂಡಿಯಾ’ ವಾರಪತ್ರಿಕೆ ಇವರ ಬಂಧುಗಳದೇ. 1908ರಲ್ಲಿ ಅದರ ಮೇಲೆ ರಾಜದ್ರೋಹದ ಮೊಕದ್ದಮೆ ಬಿತ್ತು. ಪತ್ರಿಕೆ ಫ್ರೆಂಚರ ಪುದುಚೇರಿಗೆ ಸ್ಥಳಾಂತರವಾಯಿತು. ಆಚಾರ್ಯರೂ ಹೋದರು, ಅಲ್ಲಿಂದ ಹಡಗು ಹತ್ತಿ ಯುರೋಪು ಸೇರಿದರು. ಆಗ ವಯಸ್ಸು 21.

ಲಂಡನ್ನಿನ ಹೈಗೇಟ್‌ನಲ್ಲಿ ಶ್ಯಾಮ್‌ಜಿ ಕೃಷ್ಣವರ್ಮ ನಡೆಸುತ್ತಿದ್ದ ‘ಇಂಡಿಯಾ ಹೌಸ್’ ಭಾರತೀಯ ವಿದ್ಯಾರ್ಥಿಗಳ ಹಾಸ್ಟೆಲ್. ಊಟ, ವಸತಿ, ಭಾಷಣ ಎಲ್ಲವೂ ಅಲ್ಲಿತ್ತು. ಸಾವರ್ಕರ್, ವಿ.ವಿ.ಎಸ್. ಅಯ್ಯರ್ ಇದ್ದದ್ದೂ ಅಲ್ಲೇ. ಮೇಲ್ನೋಟಕ್ಕೆ ವಿದ್ಯಾರ್ಥಿ ನಿಲಯ, ಆದರೆ ಆ ಗುಂಪಿನ ಕೈಯಿಂದ 1909ರಲ್ಲಿ 20 ಬ್ರೌನಿಂಗ್ ಪಿಸ್ತೂಲುಗಳು ಭಾರತಕ್ಕೆ ಬಂದವು. ಅದೇ ಡಿಸೆಂಬರಿನಲ್ಲಿ ನಾಸಿಕದ ಕಲೆಕ್ಟರ್ ಜಾಕ್ಸನ್ ಕೊಲೆಗೆ ಬಳಕೆಯಾದದ್ದು ಆ ಸರಕೇ. ಜುಲೈನಲ್ಲಿ ಮದನ್‌ಲಾಲ್ ಧಿಂಗ್ರಾ ಲಂಡನ್ನಿನಲ್ಲೇ ಕರ್ಜನ್ ವೈಲಿಯನ್ನು ಗುಂಡಿಟ್ಟು ಕೊಂದ ಮೇಲೆ ಆ ಮನೆಗೆ ಪೊಲೀಸರ ಕಣ್ಣು ಬಿಗಿಯಾಯಿತು. ಆಚಾರ್ಯರು ಗೆಳೆಯ ಸುಖಸಾಗರ ದತ್ತರೊಂದಿಗೆ ಮೊರಾಕ್ಕೊ ಕಡೆ ಹೊರಟರು. ಸ್ಪೇನ್ ವಿರುದ್ಧ ಕಾದಾಡುತ್ತಿದ್ದ ರಿಫ್ ಜನರನ್ನು ಸೇರಿ ಯುದ್ಧ ಕಲಿಯುವ ಉಮೇದು ಅವರದು. ರಿಫ್ ಸೈನ್ಯದ ಹತ್ತಿರವೂ ಸುಳಿಯಲಾಗಲಿಲ್ಲ. ತಿರುವಲ್ಲಿಕೇಣಿಯ ಹುಡುಗನಿಗೆ ಮೊರಾಕ್ಕೊದ ಯುದ್ಧ! ನಗು ಬರುತ್ತದೆ, ಆದರೆ ಆ ಧೈರ್ಯಕ್ಕೆ ನಗಲಾಗದು.

ಮುಂದೆ ಪ್ಯಾರಿಸ್, ಬರ್ಲಿನ್, ಇಸ್ತಾಂಬುಲ್. 1912ರಲ್ಲಿ ನ್ಯೂಯಾರ್ಕ್, ಆಮೇಲೆ ಕ್ಯಾಲಿಫೋರ್ನಿಯ. ಅಲ್ಲಿ ಗದರ್ ಚಳವಳಿ ಬಿಸಿಯಾಗಿತ್ತು. ಸ್ಯಾನ್ ಫ್ರಾನ್ಸಿಸ್ಕೊದ ಯುಗಾಂತರ ಆಶ್ರಮದಿಂದ 1913ರ ನವೆಂಬರ್ 1ರಂದು ‘ಗದರ್’ ಪತ್ರಿಕೆ ಹೊರಟಿತು. ದುಡ್ಡು ಕೊಟ್ಟವರು ಮರ ಕೊಯ್ಯುವ ಮಿಲ್ಲುಗಳಲ್ಲಿ, ಹಣ್ಣಿನ ತೋಟಗಳಲ್ಲಿ ಕೂಲಿ ಮಾಡುತ್ತಿದ್ದ ಪಂಜಾಬಿಗಳು. ಊರಿಗೆ ಕಳಿಸಬೇಕಾದ ಡಾಲರಿನಲ್ಲಿ ಒಂದು ಪಾಲನ್ನು ಅವರು ಗದರಿಗೆ ತೆಗೆದಿಟ್ಟರು.

ಮಹಾಯುದ್ಧ ಶುರುವಾದ ಮೇಲೆ ಕೂಲಿಯವರ ಡಾಲರಿನ ಪಕ್ಕದಲ್ಲಿ ಜರ್ಮನ್ ಸರ್ಕಾರದ ಹಣ ಬಂದು ಕೂತಿತು. ಬರ್ಲಿನ್ನಿನ ಭಾರತೀಯ ಸಮಿತಿಗೆ ಜರ್ಮನ್ ವಿದೇಶಾಂಗ ಕಚೇರಿಯೇ ಹಣ ಕೊಡುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ ತೀರಿಸುವ ಸಾಲ ಎಂದು ಕ್ರಾಂತಿಕಾರಿಗಳು ಅದನ್ನು ಲೆಕ್ಕ ಹಾಕಿದ್ದರು. ಆಚಾರ್ಯರು ಸಮಿತಿ ಸೇರಿ ಇಸ್ತಾಂಬುಲ್‌ಗೆ, ಸುಯೆಜ್ ಕಡೆಗೆ ತಿರುಗಿದರು. ಬ್ರಿಟಿಷ್ ಸೇನೆಯ ಭಾರತೀಯ ಸಿಪಾಯಿಗಳನ್ನು ತಮ್ಮ ಕಡೆ ಸೆಳೆಯುವುದು ಕೆಲಸ. ಹೆಚ್ಚೇನೂ ಗಿಟ್ಟಲಿಲ್ಲ. ಅಮೆರಿಕದಿಂದ ಶಸ್ತ್ರ ತುಂಬಿ ಹೊರಟ ‘ಆ್ಯನಿ ಲಾರ್ಸೆನ್’ ಹಡಗೂ ಗುರಿ ಮುಟ್ಟಲಿಲ್ಲ. 1915ರಲ್ಲಿ ಸರಕು ಅಮೆರಿಕ ಸರ್ಕಾರದ ವಶವಾಯಿತು. ತಟಸ್ಥ ದೇಶದ ನೆಲದಿಂದ ಯುದ್ಧ ಸಂಚು ಎಂಬ ಆರೋಪದ ಮೇಲೆ 1917ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಚಾರಣೆ ಶುರುವಾಯಿತು.

ಅದರ ಕೊನೆ ಘೋರ. ಗದರ್ ಮುಖಂಡ ರಾಮಚಂದ್ರ ಪಕ್ಷದ ಹಣ ನುಂಗಿದರೆಂಬ ಗುಮಾನಿ ಒಳಗೇ ಬೆಳೆದಿತ್ತು. 1918ರ ಏಪ್ರಿಲ್‌ನಲ್ಲಿ ತುಂಬಿದ ಕೋರ್ಟಿನಲ್ಲೇ ಸಹ ಆರೋಪಿ ರಾಮ್ ಸಿಂಗ್ ಅವರನ್ನು ಗುಂಡಿಟ್ಟು ಕೊಂದ. ಮಾರ್ಷಲ್‌ನ ಗುಂಡಿಗೆ ರಾಮ್ ಸಿಂಗ್ ಅಲ್ಲೇ ಸತ್ತ. ಗುಟ್ಟಿನ ಕೆಲಸಕ್ಕೆ ರಸೀದಿ ಇರುವುದಿಲ್ಲ, ರಸೀದಿ ಇಲ್ಲದ ಕಡೆ ಪ್ರಾಮಾಣಿಕನೂ ತನ್ನನ್ನು ಸಾಬೀತುಪಡಿಸಿಕೊಳ್ಳಲಾರ. ಕಾನೂನಿನ ಆರೋಪಕ್ಕಿಂತ ಈ ಒಳಗಿನ ಅನುಮಾನವೇ ಚಳವಳಿಯನ್ನು ಹೆಚ್ಚು ತಿಂದಿತು ಎಂದು ನನಗನಿಸುತ್ತದೆ. ಈಳಂ ಹೋರಾಟಕ್ಕೆಂದು ಟೊರಾಂಟೊ, ಲಂಡನ್ನುಗಳ ತಮಿಳು ಮನೆಗಳಲ್ಲಿ ಹುಲಿಗಳು ಎತ್ತುತ್ತಿದ್ದ ಹಣದ ಬಗ್ಗೆ, ಬಲವಂತದ ವಸೂಲಿಯೆಂಬ ದೂರುಗಳ ಬಗ್ಗೆ ಚೆನ್ನೈಯಲ್ಲಿರುವ ನಾವು ಓದಿಯೇ ಇದ್ದೇವೆ. ಅಲ್ಲೂ ಮೊದಲ ಡಾಲರು ಕೊಟ್ಟವರಲ್ಲಿ ಎಷ್ಟೋ ಮಂದಿ ಊರು ನೆನೆದು ಕಣ್ಣೀರಿಟ್ಟವರೇ.

ಆಚಾರ್ಯರು ಆ ಮೊಕದ್ದಮೆಯಲ್ಲಿ ಸಿಲುಕಲಿಲ್ಲ. 1917ರಲ್ಲಿ ವೀರೇಂದ್ರನಾಥ ಚಟ್ಟೋಪಾಧ್ಯಾಯರೊಂದಿಗೆ ಸ್ಟಾಕ್‌ಹೋಮ್‌ನಲ್ಲಿದ್ದರು, 1919ರಲ್ಲಿ ಮಾಸ್ಕೊದಲ್ಲಿ ಲೆನಿನ್‌ರನ್ನು ಕಂಡರು. 1920ರ ಅಕ್ಟೋಬರಿನಲ್ಲಿ ತಾಷ್ಕೆಂಟಿನಲ್ಲಿ ಭಾರತ ಕಮ್ಯುನಿಸ್ಟ್ ಪಕ್ಷ ಕಟ್ಟಿದಾಗ ಅದರ ಅಧ್ಯಕ್ಷರು ಇವರೇ. ಎಂ.ಎನ್. ರಾಯ್ ಹಿಡಿತವೂ ರಷ್ಯನ್ನರ ಯಜಮಾನಿಕೆಯೂ ಸರಿಬರಲಿಲ್ಲ. ನಾಲ್ಕು ತಿಂಗಳೊಳಗೆ ಪಕ್ಷ ಇವರನ್ನು ಹೊರಹಾಕಿತು. ಬರ್ಲಿನ್, ಮಾಸ್ಕೊ ಎರಡರ ಋಣದ ರುಚಿಯನ್ನೂ ನೋಡಿದ ಮೇಲೆ ಅವರು ಅರಾಜಕತಾವಾದಿಯಾದರು. ಯಾವ ಸರ್ಕಾರವೂ ಬೇಡ ಎಂಬ ನಿಲುವಿಗೆ ಬಂದದ್ದರಲ್ಲಿ ಈ ಅನುಭವದ ಪಾಲು ದೊಡ್ಡದಿರಬೇಕು.

ರಷ್ಯದಲ್ಲಿದ್ದಾಗ ಮ್ಯಾಗ್ಡಾ ನಾಖ್ಮಾನ್ ಎಂಬ ಚಿತ್ರಕಲಾವಿದೆಯನ್ನು ಮದುವೆಯಾದರು. 1922ರಿಂದ ಇಬ್ಬರೂ ಬರ್ಲಿನ್ನಿನಲ್ಲಿ ಬಡತನದಲ್ಲೇ ಸಂಸಾರ ಮಾಡಿದರು. ಹಿಟ್ಲರ್ ಬಂದ ಮೇಲೆ ಯಹೂದಿ ಮೂಲದ ಹೆಂಡತಿಯೊಂದಿಗೆ ಅಲ್ಲಿರುವುದು ಸಾಧ್ಯವಿರಲಿಲ್ಲ. 1935ರಲ್ಲಿ ಭಾರತಕ್ಕೆ ಮರಳಿದಾಗ ಆಚಾರ್ಯರು ನೆಲೆಸಿದ್ದು ಬೊಂಬಾಯಿಯಲ್ಲಿ, ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆದುಕೊಂಡು. ಮ್ಯಾಗ್ಡಾ ಅಲ್ಲೇ ಚಿತ್ರ ಬರೆದರು, ಪ್ರದರ್ಶನಗಳನ್ನೂ ನಡೆಸಿದರು. 1951ರ ಫೆಬ್ರವರಿಯಲ್ಲಿ ಅವರು ತೀರಿಕೊಂಡ ಮೇಲೆ ಆಚಾರ್ಯರು ಒಂಟಿಯಾದರು, ಕ್ಷಯ ಹಿಡಿದಿತ್ತು, ಕೈಯಲ್ಲಿ ಕಾಸಿರಲಿಲ್ಲ. ಹೆಂಡತಿಯ ಚಿತ್ರಗಳನ್ನು ಮಾರಿ ದಿನ ದೂಡಿದರು. 1954ರ ಮಾರ್ಚಿನಲ್ಲಿ ಬೊಂಬಾಯಿಯಲ್ಲೇ ಕಣ್ಣುಮುಚ್ಚಿದರು.