ಶ್ರೀ ತೋಂಟದ ಸಿದ್ಧಲಿಂಗೇಶ್ವರರು

ಬೆಂಗಳೂರಿಗೆ ಬಡಗಲಾಗಿರುವ ರಾಜಾನುಕುಂಟೆಯ ಪ್ರಾಂತದಿಂದ ಹೊರಟ ಶಿವಭಕ್ತರು ನೆಲಮಂಗಲ, ಕುಣಿಗಲುಗಳನ್ನು ಹಾದು ಪಡುವಣಕ್ಕೆ ಸಾಗಿದರೆ ಎಡೆಯೂರನ್ನು ಸೇರುವರು. ಅಲ್ಲಿಯ ಗದ್ದುಗೆಗೆ ತಲೆವಾಗಿದ ಮೇಲೆ, ಅಲ್ಲಿ ನೆಲಸಿದ ಮಹಾನುಭಾವರು ನಮಗೆ ಉಳಿಸಿಕೊಟ್ಟುದೇನೆಂಬುದನ್ನು ಅರಿಯುವುದೂ ಭಕ್ತನ ಕರ್ತವ್ಯವಾಗಿದೆ. ಆ ಉದ್ದೇಶದಿಂದಲೇ ಈ ಪುಣ್ಯಚರಿತೆಯನ್ನು ಸಂಗ್ರಹವಾಗಿ ನಿರೂಪಿಸಿದೆ.

ವಿಜಯನಗರದ ಅರಸರು ಆಳುತ್ತಿದ್ದ ಕಾಲದಲ್ಲಿ, ಈಗಿನ ಚಾಮರಾಜನಗರ ಜಿಲ್ಲೆಗೆ ಸೇರಿದ ಹರದನಹಳ್ಳಿಯಲ್ಲಿ, ಮಲ್ಲಿಕಾರ್ಜುನ ಜ್ಞಾನಾಂಬೆಯರೆಂಬ ಶಿವಭಕ್ತ ದಂಪತಿಗಳಿಗೆ ಪುತ್ರರಾಗಿ ಸಿದ್ಧಲಿಂಗೇಶ್ವರರು ಅವತರಿಸಿದರು. ಗೋಸಲ ಚೆನ್ನಬಸವೇಶ್ವರರ ಕರಕಮಲಸಂಜಾತರಾಗಿ, ಶೂನ್ಯಪೀಠದ ಅಧಿಕಾರವನ್ನು ವಹಿಸಿ, ನಾಡಿನಲ್ಲಿ ಸಂಚರಿಸುತ್ತ ಷಟ್‌ಸ್ಥಲ ತತ್ತ್ವವನ್ನು ಬೋಧಿಸಿದರು. ಅವರೊಡನೆ 701 ಮಂದಿ ವಿರಕ್ತರಿದ್ದರೆಂಬುದು ಪರಂಪರೆಯ ನಂಬುಗೆ.

ಸಂಚಾರಕ್ರಮದಲ್ಲಿ ಎಡೆಯೂರಿಗೆ ಸಮೀಪವಾದ ಕಗ್ಗೆರೆಗೆ ಬಂದು, ನಾಗಿನೀ ನದಿಯ ತಡಿಯ ತೋಟದಲ್ಲಿ ಶಿವಯೋಗಕ್ಕೆ ಕುಳಿತರು. ಬಹುಕಾಲ ಕಳೆದು ಅವರ ಸುತ್ತಲೂ ಹುತ್ತವು ಬೆಳೆಯಿತೆಂದೂ, ಹಸುವೊಂದು ನಿತ್ಯವೂ ಬಂದು ಅದರ ಮೇಲೆ ಹಾಲು ಸುರಿಸುತ್ತಿತ್ತೆಂದೂ, ಇದನ್ನು ಕಂಡು ಬೆರಗಾದ ಭಕ್ತರು ಹುತ್ತವನ್ನು ಕರಗಿಸಿ ಯೋಗಿವರ್ಯರನ್ನು ಹೊರತಂದರೆಂದೂ ಐತಿಹ್ಯವಿದೆ. ತೋಟದಲ್ಲಿ ತಪವನ್ನೆಸಗಿದ ಕಾರಣ ಅವರಿಗೆ ತೋಂಟದ ಸಿದ್ಧಲಿಂಗರೆಂಬ ಅಭಿಧಾನವುಂಟಾಯಿತು.

ಹುತ್ತದಿಂದ ಹೊರಬಂದವರು ಮೌನದಲ್ಲಿಯೇ ನಿಲ್ಲಲಿಲ್ಲ. 12ನೆಯ ಶತಮಾನದ ಕಲ್ಯಾಣದ ವಿಪ್ಲವದಲ್ಲಿ ಶರಣರೊಡನೆ ಅವರ ವಚನಗಳೂ ಚದರಿಹೋಗಿದ್ದವು. 15ನೆಯ ಶತಮಾನದಲ್ಲಿ ಪ್ರೌಢದೇವರಾಯನ ಕಾಲದ ವಿರಕ್ತರು ಅವನ್ನು ಅರಸಿ ಸಂಕಲಿಸತೊಡಗಿದರು. ಆ ಪುಣ್ಯಕಾರ್ಯಕ್ಕೆ ಸಿದ್ಧಲಿಂಗೇಶ್ವರರಿಂದ ಹೊಸ ಚೈತನ್ಯವು ಬಂದಿತು. ವಚನರಚನೆಯು ಬಹುಮಟ್ಟಿಗೆ ನಿಂತುಹೋಗಿದ್ದ ಆ ಕಾಲದಲ್ಲಿ ಅವರು ತಾವೇ 701 ವಚನಗಳನ್ನು ನುಡಿದರು. ಇವು ಷಟ್‌ಸ್ಥಲ ಜ್ಞಾನಸಾರಾಮೃತವೆಂದು ಪ್ರಸಿದ್ಧವಾಗಿವೆ. ಅವರ ಶಿಷ್ಯಪರಂಪರೆಯ ಗುಮ್ಮಳಾಪುರದ ಸಿದ್ಧಲಿಂಗ ಯತಿಗಳೂ ಗೂಳೂರು ಸಿದ್ಧವೀರಣ್ಣೊಡೆಯರೂ ಶೂನ್ಯಸಂಪಾದನೆಯನ್ನು ಪರಿಷ್ಕರಿಸಿ ಬೆಳಗಿದರು. ಭಕ್ತರು ಹುತ್ತದೊಳಗಿನ ಯೋಗಿಯನ್ನು ಹೊರತಂದಂತೆ, ಆ ಯೋಗಿಯ ಸಂತತಿಯು ಓಲೆಗರಿಗಳಲ್ಲಿ ಹುದುಗಿದ್ದ ಶರಣರ ಅನುಭಾವವನ್ನು ಹೊರತಂದಿತು.

ಕಡೆಯಲ್ಲಿ ಶ್ರೀಗಳು ಎಡೆಯೂರಿನಲ್ಲಿ ನಿರ್ವಿಕಲ್ಪ ಸಮಾಧಿಯನ್ನು ಹೊಂದಿದರು. 1561ರಲ್ಲಿ ಶಾಂತೇಶ ಕವಿಯು ಸಿದ್ಧೇಶ್ವರ ಪುರಾಣವನ್ನು ರಚಿಸಿ ಅವರ ಚರಿತೆಯನ್ನು ಕೊಂಡಾಡಿದನು.

ಕಗ್ಗೆರೆಯ ತಪೋಭೂಮಿಯನ್ನೂ ಎಡೆಯೂರಿನ ಗದ್ದುಗೆಯನ್ನೂ ಕಂಡು ಮರಳುವ ಸದ್ಭಕ್ತರು ಹುತ್ತದ ಕಥೆಯನ್ನು ಮಕ್ಕಳಿಗೆ ಹೇಳುವರು. ಅದು ಯುಕ್ತವೇ ಸರಿ. ಅದರೊಡನೆ ಶ್ರೀಗಳ ಒಂದು ವಚನವನ್ನಾದರೂ ಓದಿಸಿ, ಅರ್ಥವನ್ನು ತಿಳಿಸಿ, ತಾವೂ ಅದರಂತೆ ನಡೆದರೆ ಮಾತ್ರ ಯಾತ್ರೆಯು ಸಫಲವಾಗುವುದು. ಹಾಗೆ ಮಾಡದೆ ಹೋದರೆ ವಚನಗಳು ಮತ್ತೆ ಹುತ್ತವನ್ನು ಸೇರಿಯಾವು. ಇತಿ ಶಿವಂ.