ಪಾರಸೀಕ ದೇಶದ ಸದೀಖೆ ದೌಲತಾಬಾದಿ

ನಮ್ಮ ಹಿರಿಯರು ಪಾರಸೀಕ ದೇಶವೆಂದು ಕರೆಯುತ್ತಿದ್ದ ಇರಾನಿನಲ್ಲಿ ಅಮೆರಿಕದ ಮಿಷನರಿಗಳು 1838ರಷ್ಟು ಹಿಂದೆಯೇ ಉರ್ಮಿಯಾ ಪಟ್ಟಣದಲ್ಲಿ ಬಾಲಿಕೆಯರಿಗಾಗಿ ಒಂದು ಪಾಠಶಾಲೆಯನ್ನು ತೆರೆದರು. ಮೊದಮೊದಲು ಅಲ್ಲಿ ಓದಿದವರು ಆ ಸೀಮೆಯ ಪುರಾತನ ಸಿರಿಯ ಸಭೆಯ ಕ್ರೈಸ್ತ ಹುಡುಗಿಯರು. ಮುಸಲ್ಮಾನ ಹುಡುಗಿಯರಿಗಾಗಿ ಆ ಜನರೇ ಶಾಲೆಗಳನ್ನು ಕಟ್ಟುವುದಕ್ಕೆ ಇನ್ನೂ ಬಹುಕಾಲ ಹಿಡಿಯಿತು. ಹಾಗೆ ಕಟ್ಟಿದವರಲ್ಲಿ ಸದೀಖೆ ದೌಲತಾಬಾದಿಯ ಹೆಸರು ಸ್ಮರಣೀಯವಾದುದು.

ಈಕೆಯು 1882ರಲ್ಲಿ ಇಸ್ಫಹಾನ್ ನಗರದಲ್ಲಿ ಜನಿಸಿದಳು. ತಂದೆಯು ಧರ್ಮಶಾಸ್ತ್ರ ಪಂಡಿತನು. ಆದರೂ ಮಗಳಿಗೆ ಮನೆಯಲ್ಲಿಯೇ ಪಾರಸೀ ಅರಬೀ ಭಾಷೆಗಳನ್ನು ಕಲಿಸಿದನು. ಅಂಥ ತಂದೆಯು ಆ ಕಾಲದಲ್ಲಿ ಎಷ್ಟು ಹೆಣ್ಣುಮಕ್ಕಳಿಗೆ ದೊರೆತಿದ್ದನು! ಹದಿಹರೆಯದಲ್ಲಿ ವೈದ್ಯನೊಬ್ಬನೊಡನೆ ಮದುವೆಯಾಯಿತು, ಮಕ್ಕಳಾಗಲಿಲ್ಲ, ಕಡೆಗೆ ಆ ಸಂಬಂಧವೂ ಮುರಿಯಿತು. ತಂದೆಯು ತೀರಿಕೊಂಡ ಮೇಲೆ ಚಿಕ್ಕವರಾದ ಇಬ್ಬರು ಮಲತಂಗಿಯರನ್ನು ತನ್ನ ಮಕ್ಕಳಂತೆಯೇ ಸಾಕಿ ವಿದ್ಯೆ ಕೊಡಿಸಿದಳು.

ಆಗಿನ ಕಾನೂನಿನ ಸ್ಥಿತಿಯನ್ನು ಇಲ್ಲಿ ಹೇಳಬೇಕು. ಗಂಡನು ಬಾಯಿಮಾತಿನಿಂದಲೇ ಹೆಂಡತಿಯನ್ನು ಬಿಡಬಹುದಾಗಿತ್ತು. ಹೆಂಡತಿಗೆ ಆ ಸ್ವಾತಂತ್ರ್ಯವಿರಲಿಲ್ಲ. ತಂದೆಯ ಆಸ್ತಿಯಲ್ಲಿ ಮಗನ ಪಾಲಿನ ಅರ್ಧವೇ ಮಗಳಿಗೆ. 1906ರಲ್ಲಿ ರಾಜ್ಯಾಂಗವು ಬಂದು ಪ್ರಜಾಸಭೆಯು ಕೂಡಿತು. ಆ ಚಳುವಳಿಯಲ್ಲಿ ಸ್ತ್ರೀಯರೂ ದುಡಿದಿದ್ದರು. ಆದರೆ ಚುನಾವಣೆಯ ಶಾಸನವು ಅವರನ್ನು ಅಪ್ರಾಪ್ತವಯಸ್ಕರು, ದಿವಾಳಿ ಎದ್ದವರು, ಅಪರಾಧಿಗಳು ಇವರ ಸಾಲಿನಲ್ಲಿ ನಿಲ್ಲಿಸಿ ಮತದಾನದಿಂದ ಹೊರಗಿಟ್ಟಿತು.

ಸದೀಖೆಯು 1917ರಲ್ಲಿ ಇಸ್ಫಹಾನಿನಲ್ಲಿ ಹೆಣ್ಣುಮಕ್ಕಳ ಶಾಲೆಯೊಂದನ್ನು ಸ್ಥಾಪಿಸಿದಳು. ಅದಕ್ಕೆ ದೊರೆತ ಪ್ರತಿಫಲವೆಂದರೆ ಹೊಡೆತ ಮತ್ತು ಬಂಧನ. ಶಾಲೆಯೂ ಮುಚ್ಚಿಹೋಯಿತು. ಆಕೆಯು ಹಿಂಜರಿಯದೆ 1919ರಲ್ಲಿ ಪತ್ರಿಕೆಯನ್ನೇ ಹೊರಡಿಸಿದಳು. ಅದರ ಹೆಸರು ‘ಜಬಾನೆ ಜನಾನ್’, ಅಂದರೆ ಸ್ತ್ರೀಯರ ನಾಲಗೆ. ಹೆಂಗಸರ ಹೆಸರನ್ನು ಬೀದಿಯಲ್ಲಿ ಉಚ್ಚರಿಸುವುದೇ ಮರ್ಯಾದೆಯಲ್ಲವೆಂದು ಬಗೆಯುತ್ತಿದ್ದ ಊರಿನಲ್ಲಿ ಇದೆಂತಹ ಎದೆಗಾರಿಕೆ! ಸ್ತ್ರೀಯರೂ ಬಾಲಿಕೆಯರೂ ಬರೆದ ಲೇಖನಗಳನ್ನು ಮಾತ್ರ ಅದು ಸ್ವೀಕರಿಸುತ್ತಿತ್ತು. ಗೃಹಕೃತ್ಯದ ಮಾತಿಗಷ್ಟೇ ನಿಂತಿದ್ದರೆ ಪತ್ರಿಕೆಯು ಉಳಿಯುತ್ತಿತ್ತೋ ಏನೋ. ಆದರೆ ಇರಾನಿನ ಸೇನೆಯನ್ನೂ ಹಣಕಾಸನ್ನೂ ಬ್ರಿಟಿಷ್ ಸಲಹೆಗಾರರ ಕೈಗೊಪ್ಪಿಸಲಿದ್ದ 1919ರ ಒಪ್ಪಂದವನ್ನು ಅದು ಖಂಡಿಸಿತು. ಮನೆಯ ಮೇಲೆ ಕಲ್ಲುಗಳು ಬಿದ್ದುವು. 1921ರಲ್ಲಿ ಪತ್ರಿಕೆಯು ನಿಷೇಧಿಸಲ್ಪಟ್ಟಿತು.

ನಲ್ವತ್ತು ದಾಟಿದ ಮೇಲೆ, 1923ರಲ್ಲಿ, ವಿದ್ಯಾಭ್ಯಾಸಕ್ಕಾಗಿ ಫ್ರಾನ್ಸಿಗೆ ಹೊರಟಳು. ಪ್ಯಾರಿಸಿನ ಸೊರ್ಬಾನ್ ವಿದ್ಯಾಪೀಠದಲ್ಲಿ ಓದಿದಳು. 1926ರಲ್ಲಿ ಅದೇ ನಗರದಲ್ಲಿ ನೆರೆದ ಅಂತರರಾಷ್ಟ್ರೀಯ ಮಹಿಳಾ ಮತಾಧಿಕಾರ ಸಮ್ಮೇಳನದಲ್ಲಿ ಇರಾನಿನ ಸ್ತ್ರೀಯರ ಪ್ರತಿನಿಧಿಯಾಗಿ ಕುಳಿತಳು. 1927ರಲ್ಲಿ ಸ್ವದೇಶಕ್ಕೆ ಮರಳಿದ ಬಳಿಕ ಟೆಹರಾನಿನ ಬೀದಿಗಳಲ್ಲಿ ಪರದೆಯಿಲ್ಲದೆ ನಡೆದಳು. ವಿದ್ಯಾ ಇಲಾಖೆಯಲ್ಲಿ ಬಾಲಿಕಾ ಶಿಕ್ಷಣದ ಮೇಲ್ವಿಚಾರಣೆಯನ್ನೂ ವಹಿಸಿದಳು.

1935ರಲ್ಲಿ ಹುಟ್ಟಿದ ‘ಕಾನೂನೆ ಬಾನುವಾನ್’ ಎಂಬ ಮಹಿಳಾ ಸಂಘದ ಆಡಳಿತವು ಬೇಗನೆ ಆಕೆಯ ಕೈಗೆ ಬಂದಿತು. ವಯಸ್ಸಾದ ಹೆಂಗಸರಿಗೆ ಅಕ್ಷರಾಭ್ಯಾಸ ಮಾಡಿಸುವುದೂ ಅದರ ಕೆಲಸಗಳಲ್ಲೊಂದು. 1936ರ ಜನವರಿಯಲ್ಲಿ ರೆಜಾ ಶಹನು ಪರದೆಯನ್ನೇ ನಿಷೇಧಿಸಿದಾಗ ಪೊಲೀಸರು ಬಡ ಮುದುಕಿಯರ ತಲೆಯ ಬಟ್ಟೆಯನ್ನೂ ಕಿತ್ತರು. ಸದೀಖೆಯು ಆ ನಿಷೇಧದ ಪಕ್ಷದಲ್ಲಿಯೇ ನಿಂತಳು. ತಾನು ಸ್ವಂತ ಮನಸ್ಸಿನಿಂದ ತೆಗೆದ ಪರದೆಯನ್ನು ಇತರರಿಂದ ಬಲಾತ್ಕಾರವಾಗಿ ತೆಗೆಸಿದುದು ಒಂದೇ ಬಗೆಯ ಕಾರ್ಯವಲ್ಲವೆಂದು ನಮಗೆ ತೋರುತ್ತದೆ.

ಆಕೆಯು 1961ರಲ್ಲಿ ಕಾಲವಾದಳು. ಸ್ತ್ರೀಯರಿಗೆ ಮತಾಧಿಕಾರವು ದೊರೆತದ್ದು 1963ರಲ್ಲಿ. ಗಂಡನು ನ್ಯಾಯಾಲಯದ ಮುಂದೆ ನಿಲ್ಲದೆ ಹೆಂಡತಿಯನ್ನು ಬಿಡಕೂಡದೆಂಬ ಕುಟುಂಬ ರಕ್ಷಣಾ ಶಾಸನವು 1967ರಲ್ಲಿ ಬಂದಿತು. 1979ರ ಕ್ರಾಂತಿಯ ತರುವಾಯ ಅದನ್ನು ಬದಿಗೊತ್ತಿದರು, ಪರದೆಯೂ ಕಡ್ಡಾಯವಾಯಿತು. ತನ್ನ ಶವಸಂಸ್ಕಾರಕ್ಕೆ ಪರದೆ ಹೊದ್ದ ಸ್ತ್ರೀಯು ಬರಕೂಡದೆಂದು ಆಕೆಯು ಉಯಿಲಿನಲ್ಲಿ ಬರೆದಿಟ್ಟಿದ್ದಳು. ಟೆಹರಾನಿನ ಜರ್ಗಂದೆಯಲ್ಲಿ ಅಣ್ಣ ಯಹ್ಯಾನ ಪಕ್ಕದಲ್ಲಿ ಆಕೆಯನ್ನು ಹೂಳಿದರು. ಆ ಸಮಾಧಿಯನ್ನು ಕ್ರಾಂತಿಯ ಬಳಿಕ ಮತಾಂಧರು ಒಡೆದುಹಾಕಿದರು.